ಒಳಗೇನಿದೆ ಅಂತ ನನ್ನನ್ನೇ ಕೇಳ್ತೀರಲ್ಲ ಸ್ವಾಮಿ!

ಆಕಾಶಗಂಗೆಯ ನಟ್ಟನಡುವೆ ಕೂತಿರುವ ಕಪ್ಪುಕುಳಿಯ ಹೆಸರು ಸ್ಯಾಜಿಟೇರಿಯಸ್ ಎ-ಸ್ಟಾರ್. ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ನಮ್ಮಿಂದ ಸುಮಾರು 27 ಸಾವಿರ ಜ್ಯೋತಿರ್ವರ್ಷ ದೂರ. ವಿಶೇಷಾಂಕಕ್ಕೆ ಅದರ ಸಂದರ್ಶನ ಬೇಕೇ ಬೇಕು ಎಂದು ನಮ್ಮ ಸಂಪಾದಕರು ಹಟ ಹಿಡಿದರು. ಪ್ರಶ್ನೆ ಅಲ್ಲಿಗೆ ಮುಟ್ಟಲು 27 ಸಾವಿರ ವರ್ಷ, ಉತ್ತರ ಬರಲು ಮತ್ತೆ ಅಷ್ಟೇ, ಅಷ್ಟರಲ್ಲಿ ಪುಟಗಳು ಅಚ್ಚಿಗೆ ಹೋಗಿರುತ್ತವೆ ಎಂದು ವಿನಯದಿಂದ ತಿಳಿಸಿದೆವು. “ಉತ್ತರ ನೀವೇ ಬರೆದುಕೊಳ್ರೀ. ಹೋದ ಸಲ ಮಂತ್ರಿಗಳ ಸಂದರ್ಶನ ಹೇಗೆ ಮಾಡಿದಿರಿ?” ಎಂದರು. ಅದೇ ಪದ್ಧತಿಯಲ್ಲಿ ನಡೆದ ಮಾತುಕತೆ ಇದು.

ಪ್ರಶ್ನೆ: ನಮಸ್ಕಾರ. ನೇರವಾಗಿ ಕೇಳಿಬಿಡುತ್ತೇವೆ. ನಿಮ್ಮೊಳಗೆ ಏನಿದೆ?

ಕಪ್ಪುಕುಳಿ: ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಹೇಗಿದ್ದೀರಿ, ಊಟ ಆಯ್ತಾ ಅಂತ ಒಬ್ಬರಾದರೂ ಕೇಳಬಾರದೆ?

ಪ್ರಶ್ನೆ: ಊಟದ ವಿಷಯ ಎತ್ತಲು ಸಂಕೋಚ. ಸಿಕ್ಕಿದ್ದನ್ನೆಲ್ಲ ನುಂಗುತ್ತೀರಿ ಎಂಬ ಮಾತಿದೆ.

ಕಪ್ಪುಕುಳಿ: ಶುದ್ಧ ಅಪಪ್ರಚಾರ. ನಿಮ್ಮ ಸೂರ್ಯನನ್ನು ತೆಗೆದು ಅಷ್ಟೇ ತೂಕದ ಕಪ್ಪುಕುಳಿಯನ್ನು ಆ ಜಾಗದಲ್ಲಿ ಕೂರಿಸಿ. ಅದರ ತ್ರಿಜ್ಯ ಬರೀ 3 ಕಿಲೋಮೀಟರ್. ಭೂಮಿ ಈಗಿರುವ ದಾರಿಯಲ್ಲೇ ಸುತ್ತಿಕೊಂಡಿರುತ್ತದೆ. ನೀವು ಚಳಿಗೆ ಸಾಯುತ್ತೀರಿ, ಅದು ಬೇರೆ ಮಾತು. ನನ್ನ ಕಥೆಯೂ ಅಷ್ಟೇ. ಎಸ್2 ಅನ್ನುವ ನಕ್ಷತ್ರ 16 ವರ್ಷಕ್ಕೊಮ್ಮೆ ನನ್ನನ್ನು ಸುತ್ತುತ್ತದೆ. 2018ರಲ್ಲಿ ಸೆಕೆಂಡಿಗೆ 7 ಸಾವಿರ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹತ್ತಿರದಲ್ಲೇ ಹಾದುಹೋಯಿತು. ಮುಟ್ಟಿದೆನಾ? ನನ್ನ ಕಡೆಗೆ ಬರುವ ಅನಿಲದಲ್ಲೂ ಹೆಚ್ಚಿನ ಪಾಲು ಒಳಗೆ ಬರದೆ ಆಚೆಗೇ ಹೋಗುತ್ತದೆ. ನಾನು ಹೆಚ್ಚುಕಡಿಮೆ ಉಪವಾಸ.

ಪ್ರಶ್ನೆ: ಅಂಥ ನಕ್ಷತ್ರಗಳ ಓಡಾಟದಿಂದಲೇ ನಿಮ್ಮನ್ನು ಪತ್ತೆ ಹಚ್ಚಿದರಂತೆ?

ಕಪ್ಪುಕುಳಿ: ಹೌದು. ರೈನ್‌ಹಾರ್ಡ್ ಗೆಂಜೆಲ್, ಆಂಡ್ರಿಯಾ ಗೆಜ್ ಇಬ್ಬರೂ ಬೇರೆ ಬೇರೆ ತಂಡ ಕಟ್ಟಿಕೊಂಡು ನನ್ನ ನೆರೆಹೊರೆಯವರು ಯಾವಾಗ ಬಂದರು, ಯಾವಾಗ ಹೋದರು ಅಂತ ದಶಕಗಳ ಕಾಲ ಬರೆದಿಟ್ಟರು. 2020ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ನಿಮ್ಮ ಬೀದಿಯಲ್ಲಿ ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡುವವರು ಎಷ್ಟು ಜನ ಇದ್ದಾರೋ ಪಾಪ!

ಪ್ರಶ್ನೆ: 2022ರಲ್ಲಿ ನಿಮ್ಮ ಫೋಟೋ ಬಂತು. ಸ್ವಲ್ಪ ಮಸುಕಾಗಿತ್ತು.

ಕಪ್ಪುಕುಳಿ: ಎಂ87 ಗೆಲಾಕ್ಸಿಯಲ್ಲಿರುವ ದೊಡ್ಡವರು 650 ಕೋಟಿ ಸೂರ್ಯರ ತೂಕದವರು. ಅವರ ಸುತ್ತ ಅನಿಲ ಒಂದು ಸುತ್ತು ಬರಲು ದಿನಗಟ್ಟಲೆ ಬೇಕು. ನನ್ನ ಸುತ್ತ ನಿಮಿಷಗಳಲ್ಲಿ ಮುಗಿಯುತ್ತದೆ. ಕ್ಯಾಮೆರಾಕ್ಕೆ ಎಲ್ಲಿ ನಿಲುಕಬೇಕು? ಇಬ್ಬರನ್ನೂ ಸೆರೆಹಿಡಿದದ್ದು 2017ರ ಏಪ್ರಿಲ್‌ನಲ್ಲೇ. ಅವರ ಚಿತ್ರ 2019ಕ್ಕೆ ಬಂತು, ನನ್ನದಕ್ಕೆ ಇನ್ನೂ ಮೂರು ವರ್ಷ ಹಿಡಿಯಿತು. ಆ ಕಿತ್ತಳೆ ಬಣ್ಣವೂ ನನ್ನದಲ್ಲ. ದೂರದರ್ಶಕಗಳು ಹಿಡಿದದ್ದು ರೇಡಿಯೋ ಅಲೆ, ಬಣ್ಣ ಬಳಿದವರು ನೀವು. ನಡುವಿನ ಕಪ್ಪು ಕೂಡ ನನ್ನ ನೆರಳೇ ಹೊರತು ಒಳಗಿನ ಚಿತ್ರವಲ್ಲ.

ಪ್ರಶ್ನೆ: ಮತ್ತೆ ಅಲ್ಲಿಗೇ ಬಂದೆವು. ಒಳಗೆ?

ಕಪ್ಪುಕುಳಿ: ಹೊರಗೆ ನಿಂತ ನಿಮ್ಮ ಲೆಕ್ಕದಲ್ಲಿ ಒಳಗೆ ಹೋಗಿದ್ದನ್ನು ಕಂಡವರೇ ಇಲ್ಲ. ಬೀಳುತ್ತಿರುವವನು ನನ್ನ ಗಡಿ ಸಮೀಪಿಸಿದಂತೆ ನಿಧಾನವಾಗುತ್ತಾನೆ, ಕೆಂಪಾಗುತ್ತಾನೆ, ಮಂಕಾಗಿ ಕಣ್ಮರೆಯಾಗುತ್ತಾನೆ. ದಾಟಿದ ಗಳಿಗೆ ನಿಮಗೆ ಎಂದೂ ಕಾಣುವುದಿಲ್ಲ. ಬಿದ್ದವನ ಗಡಿಯಾರದಲ್ಲಾದರೆ ಎಲ್ಲ ಸಲೀಸು. ನನ್ನಷ್ಟು ದೊಡ್ಡ ಕುಳಿಯಲ್ಲಿ ಗಡಿ ದಾಟಿದ್ದು ಮೈಗೆ ತಿಳಿಯುವುದೇ ಇಲ್ಲ. ಗೇಟೂ ಇಲ್ಲ, ಬೋರ್ಡೂ ಇಲ್ಲ.

ಪ್ರಶ್ನೆ: ಆಮೇಲೆ?

ಕಪ್ಪುಕುಳಿ: ಆಮೇಲೆ ಒಂದು ನಿಮಿಷ, ಮೇಲೆ ಚಿಲ್ಲರೆ. ನಾನು ತಿರುಗುತ್ತಿಲ್ಲ ಎಂದಿಟ್ಟುಕೊಂಡರೆ ಬರುವ ಲೆಕ್ಕ ಅಷ್ಟು. ಎಂಥ ರಾಕೆಟ್ ಇದ್ದರೂ ಅದಕ್ಕಿಂತ ಹೆಚ್ಚು ಹೊತ್ತು ಎಳೆಯಲಾಗದು. ಏಕೆಂದರೆ ಗಡಿಯ ಒಳಗೆ ನನ್ನ ನಡುವು ಒಂದು ಜಾಗವಾಗಿ ಇರುವುದಿಲ್ಲ, ಬರಲಿರುವ ಹೊತ್ತಾಗಿ ಇರುತ್ತದೆ. ಜಾಗವಾದರೆ ಪಕ್ಕಕ್ಕೆ ಸರಿದು ಹೋಗಬಹುದು. ನಾಳೆಯ ಪಕ್ಕಕ್ಕೆ ಸರಿದು ಹೋದವರುಂಟೆ? ಒಳಗೇನಿದೆ ಅಂದಿರಲ್ಲ, ಒಳಗಿರುವುದು ನಾಳೆ. ಕೊನೆಯ ನಾಳೆ.

ಪ್ರಶ್ನೆ: ಆ ನಾಳೆಯಲ್ಲಿ ಏನಾಗುತ್ತದೆ?

ಕಪ್ಪುಕುಳಿ: ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಒಂದು ಸಮೀಕರಣ ಕೊಟ್ಟರು. ಅಂಥ ಅಡಿಪಾಯದ ಮೇಲೆ ನಿಂತು ರೋಜರ್ ಪೆನ್‌ರೋಸ್ 1965ರಲ್ಲಿ ತೋರಿಸಿದ್ದು ಇಷ್ಟು: ಕುಸಿತ ಒಂದು ಹಂತ ದಾಟಿದ ಮೇಲೆ ಐನ್‌ಸ್ಟೈನರ ಸಿದ್ಧಾಂತ ಎಲ್ಲೋ ಒಂದು ಕಡೆ ಮುರಿದುಬೀಳಲೇಬೇಕು. ಲೆಕ್ಕ ಹಾಕುತ್ತಾ ಹೋದರೆ ಸಾಂದ್ರತೆ ಅನಂತ ಅಂತ ಬರುತ್ತದೆ. ಹಾಗೆಂದರೆ ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ ಅಂತ ಸಿದ್ಧಾಂತ ಕೈಮುಗಿಯಿತು ಅಂತಲೇ ಅರ್ಥ. ಸಿದ್ಧಾಂತಕ್ಕೆ ಅಷ್ಟು ಮರ್ಯಾದೆ ಇದೆ. ನಿಮ್ಮ ಟೀವಿ ಚರ್ಚೆಯಲ್ಲಿ ಯಾರಾದರೂ ಹಾಗೆ ಕೈಮುಗಿದದ್ದನ್ನು ನೋಡಿದ್ದೀರಾ?

ಪ್ರಶ್ನೆ: ಆಚೆ ಬದಿಯಲ್ಲಿ ಇನ್ನೊಂದು ವಿಶ್ವಕ್ಕೆ ದಾರಿ ಇದೆ ಎನ್ನುತ್ತಾರೆ. ಸಿನಿಮಾಗಳಲ್ಲಿ ನೋಡಿದ್ದೇವೆ.

ಕಪ್ಪುಕುಳಿ: 1935ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಕಾಗದದ ಮೇಲೆ ಒಂದು ಸೇತುವೆ ಬರೆದರು. 1962ರಲ್ಲಿ ಜಾನ್ ವೀಲರ್ ಮತ್ತು ರಾಬರ್ಟ್ ಫುಲ್ಲರ್ ಅದನ್ನು ಪರೀಕ್ಷಿಸಿದರು. ಈ ಬದಿಯಿಂದ ಹೊರಟ ಬೆಳಕು ಆ ಬದಿ ಮುಟ್ಟುವುದರೊಳಗೆ ಸೇತುವೆ ಹರಿದುಬೀಳುತ್ತದೆ. ಉದ್ಘಾಟನೆಗೆ ಮೊದಲೇ ಕುಸಿಯುವ ಸೇತುವೆ ನಿಮಗೇನು ಹೊಸದಲ್ಲ. ಇಲ್ಲಿ ಗುತ್ತಿಗೆದಾರನನ್ನು ಬೈಯುವಂತಿಲ್ಲ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ನೀವು ಇದ್ದೀರಿ ಎಂಬುದನ್ನೇ ಒಪ್ಪದವರು ಇದ್ದರಂತೆ?

ಕಪ್ಪುಕುಳಿ: ಸಣ್ಣಪುಟ್ಟವರಲ್ಲ, ಘಟಾನುಘಟಿಗಳು. 1930ರಲ್ಲಿ ಚಂದ್ರಶೇಖರ್ ಅನ್ನುವ 19ರ ಹುಡುಗ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಾ ಲೆಕ್ಕ ಹಾಕಿದ. ಆ ಲೆಕ್ಕ ಬೆಳೆದು ನಿಂತದ್ದು ಇಲ್ಲಿಗೆ: ಸತ್ತ ನಕ್ಷತ್ರದ ಉಳಿಕೆ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಿದ್ದರೆ ಅದು ಶ್ವೇತಕುಬ್ಜವಾಗಿ ನಿಲ್ಲಲಾರದು, ಕುಸಿಯುತ್ತದೆ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಆರ್ಥರ್ ಎಡಿಂಗ್ಟನ್ ಎದ್ದು ಅದನ್ನು ಗೇಲಿ ಮಾಡಿದರು. ಸಭೆ ನಕ್ಕಿತು. 1939ರಲ್ಲಿ ಐನ್‌ಸ್ಟೈನರೇ ನನ್ನಂಥವರು ಹುಟ್ಟಲಾರರು ಎಂದು ಪ್ರಬಂಧ ಬರೆದರು. ಚಂದ್ರಶೇಖರರಿಗೆ ನೊಬೆಲ್ ಬಂದಾಗ 1983. ಗೇಲಿ ಮಾಡಿದವರಿಗೆ ಏನು ನಷ್ಟವಾಯಿತು, ಹೇಳಿ? ನಾಲಿಗೆಗೆ ಖರ್ಚಿಲ್ಲ.

ಪ್ರಶ್ನೆ: ಕನ್ನಡ ಪತ್ರಿಕೆಯವರಾಗಿ ಇದನ್ನು ಕೇಳದೆ ಹೋದರೆ ಕಚೇರಿಯಲ್ಲಿ ಬೈಸಿಕೊಳ್ಳುತ್ತೇವೆ. ನಿಮಗೂ ಕನ್ನಡಿಗರಿಗೂ ಏನು ನಂಟು?

ಕಪ್ಪುಕುಳಿ: ಸಿ.ವಿ. ವಿಶ್ವೇಶ್ವರ! ಬೆಂಗಳೂರಿನವರು, ಅಲ್ಲಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರು. ನಮ್ಮನ್ನು ಯಾರಾದರೂ ಅಲುಗಿಸಿದರೆ ನಾವು ಒಡೆದುಹೋಗುವುದಿಲ್ಲ, ನಮ್ಮ ತೂಕಕ್ಕೆ ತಕ್ಕ ಒಂದೇ ಸ್ವರದಲ್ಲಿ ಮಿಡಿದು ಸುಮ್ಮನಾಗುತ್ತೇವೆ ಎಂದು 1970ರಲ್ಲಿ ಲೆಕ್ಕ ಮಾಡಿ ತೋರಿಸಿದರು. ನಮ್ಮಲ್ಲಿ ಒಬ್ಬರನ್ನಾದರೂ ಆಗಿನ್ನೂ ಯಾರೂ ಖಚಿತವಾಗಿ ಕಂಡಿರಲಿಲ್ಲ! 130 ಕೋಟಿ ಜ್ಯೋತಿರ್ವರ್ಷ ಆಚೆ ನನ್ನ ಬಳಗದ ಇಬ್ಬರು ಡಿಕ್ಕಿ ಹೊಡೆದು ಒಂದಾದಾಗ ಎದ್ದ ಗುರುತ್ವದ ಅಲೆ 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳನ್ನು ಮುಟ್ಟಿತು. ಅಲೆಯ ಬಾಲದಲ್ಲಿ ಅವರು ಹೇಳಿದ್ದ ಮಿಡಿತ ಇತ್ತು. 2017ರಲ್ಲಿ ತೀರಿಕೊಳ್ಳುವ ಮೊದಲು ಆ ಸುದ್ದಿ ಅವರಿಗೆ ಮುಟ್ಟಿತ್ತು. ನೋಡಿ, ತಪ್ಪಾದರೆ ತಪ್ಪು ಅಂತ ಸಾಬೀತಾಗುವ ಹಾಗೆ ಮಾತಾಡುವುದು ಹೀಗೆ.

ಪ್ರಶ್ನೆ: ಸ್ಟೀಫನ್ ಹಾಕಿಂಗ್ ಬಗ್ಗೆ ಏನು ಹೇಳುತ್ತೀರಿ?

ಕಪ್ಪುಕುಳಿ: ಅವರು ಪಣ ಕಟ್ಟಿ ಸೋತವರು, ಸೋತಾಗ ಕೊಟ್ಟವರು. ಅದಕ್ಕೇ ಇಷ್ಟ. ಸಿಗ್ನಸ್ ಎಕ್ಸ್-1 ಎಂಬ ಆಕಾಶಕಾಯ ಕಪ್ಪುಕುಳಿಯಲ್ಲ ಎಂದು 1974ರಲ್ಲಿ ಕಿಪ್ ಥಾರ್ನ್ ಜೊತೆ ಬಾಜಿ ಕಟ್ಟಿದರು. ಜೀವಮಾನದ ಕೆಲಸ ಸುಳ್ಳಾದರೆ ಬಾಜಿಯಾದರೂ ಗೆದ್ದ ಸಮಾಧಾನ ಇರಲಿ ಅಂತ. 1990ರಲ್ಲಿ ಸೋಲೊಪ್ಪಿ ಥಾರ್ನ್‌ಗೆ ಒಂದು ವರ್ಷದ ಪತ್ರಿಕೆ ಚಂದಾ ಕಟ್ಟಿದರು. ಯಾವ ಪತ್ರಿಕೆ ಅಂತ ಮನೆಮಂದಿ ಓದುವ ವಿಶೇಷಾಂಕದಲ್ಲಿ ಹಾಕಬೇಡಿ. ಇನ್ನೊಂದು ಬಾಜಿ 1997ರದು. ನಾವು ಕಾವು ಸೂಸಿ ನಿಧಾನವಾಗಿ ಆವಿಯಾಗುತ್ತೇವೆ ಎಂದವರೂ ಅವರೇ. ಹಾಗಾದರೆ ಒಳಗೆ ಬಿದ್ದದ್ದರ ಮಾಹಿತಿ ಎಲ್ಲಿ ಹೋಯಿತು? ಅಳಿಸಿಹೋಯಿತು ಎಂದರು ಹಾಕಿಂಗ್ ಮತ್ತು ಥಾರ್ನ್. ಇಲ್ಲ ಎಂದರು ಜಾನ್ ಪ್ರೆಸ್ಕಿಲ್. 2004ರಲ್ಲಿ ಡಬ್ಲಿನ್‌ನಲ್ಲಿ ಹಾಕಿಂಗ್ ಸೋಲೊಪ್ಪಿ ಬೇಸ್‌ಬಾಲ್ ವಿಶ್ವಕೋಶ ಕೊಟ್ಟರು. ಥಾರ್ನ್ ಒಪ್ಪಲಿಲ್ಲ. ವಾದ ಇವತ್ತಿಗೂ ನಿಂತಿಲ್ಲ.

ಪ್ರಶ್ನೆ: ನಿಮ್ಮೊಳಗೆ ಏನಿದೆ ಎಂದು ನಮ್ಮ ವಾರಭವಿಷ್ಯದ ಗುರೂಜಿಗಳಿಗೆ ಖಚಿತವಾಗಿ ಗೊತ್ತಂತೆ. ಎಲ್ಲವೂ ಹಿಂದೆಯೇ ಬರೆದಿಟ್ಟಿದೆ ಎನ್ನುತ್ತಾರೆ.

ಕಪ್ಪುಕುಳಿ: ಬಾಜಿಗೆ ಏನಿಟ್ಟಿದ್ದಾರೆ?

ಪ್ರಶ್ನೆ: ಅವರು ನಮಗೆ ಜಾಹೀರಾತು ಕೊಡುವವರು. ಹಾಗೆಲ್ಲ ಕೇಳುವಂತಿಲ್ಲ. ಅಂದಹಾಗೆ ನೀವಿರುವುದು ಧನು ರಾಶಿಯ ದಿಕ್ಕಿನಲ್ಲಿ. ಧನು ರಾಶಿಯವರಿಗೆ ಈ ವಾರ ಬರುವುದೇ ಹೆಚ್ಚು, ಹೋಗುವುದು ಕಡಿಮೆ ಎಂದು ಬರೆದಿದ್ದಾರೆ.

ಕಪ್ಪುಕುಳಿ: ನನ್ನ ಮಟ್ಟಿಗೆ ಸರಿಯಾಗಿದೆ. ಸುತ್ತಲಿನ ಆಕಾಶದ ಕಾವು ನಿರಪೇಕ್ಷ ಸೊನ್ನೆಯಿಂದ 2.7 ಡಿಗ್ರಿ ಮೇಲೆ. ಹಾಕಿಂಗ್ ಲೆಕ್ಕದ ನನ್ನ ಕಾವು ಅದರ ಕೋಟಿಯಲ್ಲೊಂದು ಪಾಲಿಗಿಂತಲೂ ಎಷ್ಟೋ ಕಡಿಮೆ. ಹಾಗಾಗಿ ಬರುವುದೇ ಹೆಚ್ಚು. ಈ ವಾರ ಮಾತ್ರವಲ್ಲ, ಇನ್ನೂ ಕೋಟ್ಯಂತರ ವರ್ಷ ಹೀಗೆಯೇ. ಆದರೆ ಗುರೂಜಿಗಳಿಗೆ ಹೇಳಿ, ಮುಂದಿನ ವಾರವೂ ಇದನ್ನೇ ಬರೆಯಲಿ. ಬದಲಾಯಿಸಿದರೆ ಸೋತರು.