ಹನ್ನೊಂದು ತಿಂಗಳ ಸ್ವಾತಂತ್ರ್ಯ

ಇಪ್ಪತ್ತೆಂಟು ತುಂಬಿದ ಮೇಲೂ ಮೀಟಿಂಗಿನ ನಡುವೆ "ಊಟಕ್ಕೆ ಬರ್ತೀಯೋ ಇಲ್ವೋ?" ಅಂತ ಅಪ್ಪನ ಫೋನ್ ಬಂದರೆ ಮರ್ಯಾದೆ ಉಳಿಯುತ್ತದೆಯೇ? ವಿಜಯನಗರದ ಮನೆ ಬಿಟ್ಟು ವೈಟ್‌ಫೀಲ್ಡ್ ಕಡೆ ಬೇರೆ ಮನೆ ಮಾಡುತ್ತೇನೆಂದು ಘೋಷಿಸಿದೆ. ಕಾರಣ, ಆಫೀಸು ದೂರ. ಆ ಕಾರಣವನ್ನು 2023ರ ಅಕ್ಟೋಬರಿನಲ್ಲೇ ನೇರಳೆ ಮೆಟ್ರೊ ನುಂಗಿಹಾಕಿತ್ತು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು, ನಡುವೆ ನಮ್ಮ ವಿಜಯನಗರ. ಅಮ್ಮ ಇದನ್ನು ನೆನಪಿಸಿದಳು. ನಾನು ಕೇಳಿಸದವನಂತೆ ಟೂಲೆಟ್ ಬೋರ್ಡು ಹುಡುಕಿಕೊಂಡು ಹೊರಟೆ.

"ಬ್ಯಾಚುಲರ್ರಾ?" ಎನ್ನುತ್ತಲೇ ನಾಲ್ಕು ಮನೆಯವರು ಗೇಟು ಹಾಕಿಕೊಂಡರು. ಐದನೆಯವರು ಒಳಗೆ ಕರೆದರು. ಮಂಚ ಹಾಕಿದರೆ ಬಾಗಿಲು ಹಾಕಲಾಗದ ಬೆಡ್‌ರೂಮು. ಬಾಡಿಗೆ 22,000, ಅಂದರೆ ಹೆಚ್ಚುಕಡಿಮೆ ನನ್ನ ಅರ್ಧ ಸಂಬಳ. ಅಡ್ವಾನ್ಸು ಹತ್ತು ತಿಂಗಳದ್ದು.

ಓದಿಕೊಂಡು ಬಂದಿದ್ದ ಕಾನೂನು ಬಿಚ್ಚಿದೆ. "2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ವಾಸದ ಮನೆಗೆ ಎರಡೇ ತಿಂಗಳದ್ದು, ಸಾರ್."

ಅವರು ಕೋಪಿಸಿಕೊಳ್ಳಲಿಲ್ಲ. "ಅದು ಮಾದರಿ ಅಲ್ವಾ? ಮಾದರಿ ಮನೆ ಸಿಕ್ಕಿದ್ರೆ ಅಲ್ಲೇ ಇರಿ. ಇದು ಒರಿಜಿನಲ್ಲು."

ರಾಜ್ಯ ಒಪ್ಪಿಕೊಂಡು ತನ್ನದೇ ಕಾನೂನು ಮಾಡುವವರೆಗೆ ಆ ಕಾಯ್ದೆ ಬರೀ ಮಾದರಿ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

2,20,000 ರೂಪಾಯಿ. ನನ್ನ ಖಾತೆಯಲ್ಲಿದ್ದದ್ದು 41,000. ನನ್ನ ಮುಖ ನೋಡಿಯೇ ಲೆಕ್ಕ ಹಾಕಿದ ಮಾಲೀಕರು, "ಅಪ್ಪನ್ನ ಕರ್ಕೊಂಡು ಬನ್ನಿ" ಎಂದರು. ಏಳನೇ ಕ್ಲಾಸಿನಲ್ಲಿ ಕಿಟಕಿ ಗಾಜು ಒಡೆದಾಗ ಹೆಡ್‌ಮಾಸ್ಟರು ಹೇಳಿದ್ದ ಅದೇ ಮಾತು, ಅದೇ ರಾಗ.

ಅಪ್ಪ ಎಫ್‌ಡಿ ಮುರಿಸಿಕೊಂಡು ಬಂದರು. ಇಬ್ಬರೂ ನುಂಗುವ ಬಿಪಿ ಮಾತ್ರೆ ಒಂದೇ ಎಂದು ಹತ್ತೇ ನಿಮಿಷದಲ್ಲಿ ಗೊತ್ತಾಗಿ, ಮುಂದಿನ ಮಾತುಕತೆಗೆ ನನ್ನ ಅಗತ್ಯ ಬೀಳಲಿಲ್ಲ. ಕರಾರು 11 ತಿಂಗಳಿಗೆ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ. ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರಂತೆ, ನಾನು ಗೋಡೆ ಮುಟ್ಟದಿದ್ದರೂ!

ಹಾಲುಕ್ಕಿಸಲು ಅಮ್ಮ ಬಂದಳು. ಸ್ಟವ್ ವಿಜಯನಗರದ್ದು, ಪಾತ್ರೆ ವಿಜಯನಗರದ್ದು, ಹಾಲೂ ವಿಜಯನಗರದ್ದೇ. ಉಕ್ಕಿದ್ದು ಮಾತ್ರ ಸ್ವತಂತ್ರವಾಗಿ.

ಈಗ ಶನಿವಾರ ಬಂತೆಂದರೆ ಕೊಳೆ ಬಟ್ಟೆಯ ಚೀಲ ಹೊತ್ತು ಅದೇ ನೇರಳೆ ರೈಲು ಹತ್ತುತ್ತೇನೆ. ಭಾನುವಾರ ಇಸ್ತ್ರಿ ಬಟ್ಟೆ, ಚಟ್ನಿಪುಡಿ, ಕ್ಯಾರಿಯರ್ ತುಂಬ ಹುಳಿಯೊಂದಿಗೆ ವಾಪಸು.

ಮೊನ್ನೆ ಬರುವಾಗ ರಾತ್ರಿ ಹನ್ನೊಂದಾಗಿತ್ತು. ಗೇಟಿಗೆ ಬೀಗ. ಮೇಲೆ ಬಾಲ್ಕನಿಯಲ್ಲಿ ಮಾಲೀಕರು, ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಫೋನು.

"ಬಂದ ಸಾರ್, ಈಗ ಬಂದ. ಊಟ ಮಾಡ್ದಂಗೆ ಕಾಣಲ್ಲ."