ಸೊನ್ನಲಿಗೆಯ ಸೊನ್ನೆ

ಝಂಡಿಮುಂಡಿ ಎಂಬ ದಾಳದ ಜೂಜು ಕಲಿಯಲು ಎರಡು ನಿಮಿಷ ಸಾಕು. ಪಗಡೆಗೆ ವಾರವಾದರೂ ಬೇಕು. ಇದಕ್ಕೆ ಎರಡೇ ನಿಮಿಷ ಎಂದಾಗಲೇ ಅನುಮಾನ ಬರಬೇಕಿತ್ತು. ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಆರು ಮನೆ: ಇಸ್ಪೀಟು, ಬದಾಮ, ಚೌಕಟ, ಕಿಲಾವರ, ಒಂದು ಝಂಡಿ (ಬಾವುಟ), ಒಂದು ಮುಂಡಿ (ತಲೆ). ಇವೇ ಚಿತ್ರಗಳು ಆರು ದಾಳಗಳ ಆರೂ ಮೈಮೇಲೆ. ಬೇಕಾದ ಮನೆಗೆ ದುಡ್ಡು ಇಡಿ. ಆಡಿಸುವವನು ಡಬ್ಬಿ ಕುಲುಕಿ, ಬೋರಲು ಹಾಕಿ ಎತ್ತುತ್ತಾನೆ. ನಿಮ್ಮ ಚಿತ್ರ ಎರಡು ದಾಳದ ಮೇಲೆ ಕಂಡರೆ ಇಟ್ಟದ್ದು ವಾಪಸ್, ಮೇಲೆ ಅದರ ಎರಡರಷ್ಟು. ಮೂರಕ್ಕೆ ಮೂರರಷ್ಟು, ಹೀಗೆ ಆರರವರೆಗೆ. ಒಂದೂ ಕಾಣದಿದ್ದರೆ ಅಥವಾ ಒಂದೇ ಕಂಡರೆ ದುಡ್ಡು ಡಬ್ಬಿಯವನದು. ಈ ‘ಒಂದೇ ಕಂಡರೆ’ ಎಂಬ ಮಾತು ಸ್ವಲ್ಪ ಮೆಲ್ಲಗೆ ಬರುವುದು ರೂಢಿ.

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡದಲ್ಲಿ ಇದಕ್ಕೆಲ್ಲ ನಸೀಬು ಎನ್ನುತ್ತಾರೆ. ನನಗೇನೋ ಇದು ನಸೀಬನ್ನು ತೂಗಿ ಮಾರುವ ಕಿರಾಣಿ ಅಂಗಡಿಯಂತೆ ಕಾಣುತ್ತದೆ. ಆರು ದಾಳಗಳು 46,656 ಬಗೆಯಲ್ಲಿ ಬೀಳಬಹುದು. ನೀವು ಹಿಡಿದ ಚಿತ್ರ ಅದರಲ್ಲಿ 15,625 ಸಲ ಬರುವುದೇ ಇಲ್ಲ. 18,750 ಸಲ ಒಂಟಿಯಾಗಿ ಬರುತ್ತದೆ. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಆ ಊರಿಗೆ ಸೊನ್ನೆಯ ಪಾಠ ಹೇಳುವುದು ಅಧಿಕಪ್ರಸಂಗ. ಆದರೆ ಡಬ್ಬಿಯವನು ಒಂದನ್ನೂ ಸೊನ್ನೆಯ ಲೆಕ್ಕಕ್ಕೇ ಬರೆದುಕೊಂಡಿದ್ದಾನೆ. ಕೊಡುವುದನ್ನೆಲ್ಲ ಕೊಟ್ಟ ಮೇಲೂ ನೂರಕ್ಕೆ ಸುಮಾರು 14 ರೂಪಾಯಿ ಅವನಿಗೆ ಉಳಿಯುತ್ತದೆ. ಬ್ರಿಟಿಷ್ ನಾವಿಕರ ಕ್ರೌನ್ ಅಂಡ್ ಆಂಕರ್ ಇದರದೇ ದಾಯಾದಿ. ಅದರಲ್ಲಿ ಮೂರೇ ದಾಳ, ಆದರೆ ಒಂದು ಕಂಡರೂ ದುಡ್ಡು ಸಿಗುತ್ತದೆ. ಆಡಿಸುವವನ ಪಾಲು ನೂರಕ್ಕೆ ಎಂಟಕ್ಕಿಂತ ಕಡಿಮೆ. ದಾಳ ಹೆಚ್ಚಿದಷ್ಟೂ ಧಾರಾಳ ಹೆಚ್ಚಿದಂತೆ ಕಾಣುತ್ತದೆ, ಕಾಣುತ್ತದೆ ಅಷ್ಟೆ.

‘ಪಕ್ಕದವನು ಕಣ್ಣೆದುರೇ ಗೆದ್ದನಲ್ಲ’ ಎನ್ನುವವರಿದ್ದಾರೆ. ಗೆಲ್ಲಲೇಬೇಕು, ಒಂದು ಮನೆ ಹಿಡಿದವನು ನೂರರಲ್ಲಿ 26 ಸಲ ಗೆದ್ದು ಕೂಗದಿದ್ದರೆ ಅಂಗಡಿಗೆ ಬೋರ್ಡು ಯಾರು ಬರೆಸುತ್ತಾರೆ? ಸೋತವರು ಶಕುನಿಯನ್ನು ಹುಡುಕುತ್ತಾರೆ, ದಾಳದಲ್ಲಿ ಸೀಸ ತುಂಬಿದೆಯೇ ಎಂದು. ಪ್ರಾಮಾಣಿಕನಾಗಿದ್ದೇ ನೂರಕ್ಕೆ ಹದಿನಾಲ್ಕು ಸಿಗುವಾಗ ಸೀಸದ ಖರ್ಚು ಯಾಕೆ? ಇನ್ನು, ‘ಜೂಜು ಹಿರಿಯರ ಕಾಲದ್ದು, ಶಾಸ್ತ್ರದಲ್ಲೇ ಇದೆ’ ಎಂಬ ವಾದ. ಇದೆ, ಒಪ್ಪಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನೆರೆಯ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯಸ್ಮೃತಿಗೆ; ಆ ಸ್ಮೃತಿಯಲ್ಲಿ ಜೂಜಿಗೇ ಒಂದು ಪ್ರಕರಣವಿದೆ. ಆಡಿಸುವವನ ಹೆಸರು ಸಭಿಕ. ದೊಡ್ಡ ಗೆಲುವಿನಲ್ಲಿ ಅವನಿಗೆ ನೂರಕ್ಕೆ 5, ಉಳಿದದ್ದರಲ್ಲಿ 10. ರಾಜನ ಪಾಲು ಒಪ್ಪಿಸುವುದೂ ಗೆದ್ದವನಿಗೆ ಹಣ ಮುಟ್ಟಿಸುವುದೂ ಅವನದೇ ಹೊಣೆ. ಜೂಜು ಒಂದೇ ಕಡೆ ನಡೆಯಲಿ, ಕಳ್ಳರನ್ನು ಗುರುತಿಸಲು ಸುಲಭ ಎಂದೂ ಅಲ್ಲಿದೆ! ಹದಿನಾಲ್ಕು ಹೊಡೆದುಕೊಂಡು, ಯಾವ ಹೊಣೆಯೂ ಇಲ್ಲದೆ, 1887ರ ಜೂಜು ನಿಷೇಧ ಕಾಯ್ದೆಯ ಪೊಲೀಸರು ಕಂಡೊಡನೆ ಬಟ್ಟೆ ಮಡಚುವವನಿಗೆ ಶಾಸ್ತ್ರದ ಆಧಾರ ಕೊಡುವುದು ಸಭಿಕನಿಗೇ ಅವಮಾನ.

ಪಗಡೆಯಲ್ಲಿ ದಾಳ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕೆಂದು ತಲೆ ಕೆರೆದುಕೊಳ್ಳಬಹುದು. ಎದುರಾಳಿಯೂ ನಿಮ್ಮಂತೆಯೇ ದಾಳಕ್ಕೆ ಕೈಮುಗಿಯುತ್ತಾನೆ. ಡಬ್ಬಿಯವನು ಕೈಮುಗಿಯುವುದೇ ಇಲ್ಲ. ‘ಹಾಗಾದರೆ ಆರೂ ಮನೆಗೆ ದುಡ್ಡಿಟ್ಟರೆ ಯಾವುದಾದರೂ ಬಂದೇ ಬರುತ್ತದಲ್ಲ’ ಎಂದು ಕೊನೆಗೊಬ್ಬ ಬುದ್ಧಿವಂತ ಕೇಳುತ್ತಾನೆ. ಬರುತ್ತದೆ. ಸುಮಾರು 65 ಸಲಕ್ಕೊಮ್ಮೆ ಆರೂ ಚಿತ್ರಗಳು ತಲಾ ಒಂದರಂತೆ, ಪಂಕ್ತಿಯ ಊಟಕ್ಕೆ ಕೂತ ಹಾಗೆ ಬಂದು ಕೂಡುತ್ತವೆ. ಆಗ ಡಬ್ಬಿಯವನು ಆರೂ ಮನೆಯ ದುಡ್ಡನ್ನು ಒಂದೇ ಕೈಯಲ್ಲಿ ಬಾಚಿಕೊಳ್ಳುತ್ತಾನೆ.