ಮಾದರಿ ರೈಲಿನ ಮಲತ್ರಯ ಮೀಮಾಂಸೆ: ಒಂದು ಬಹುಶಿಸ್ತೀಯ ಸಂಕಥನ

ಇಸವಿಯಿಲ್ಲದ ಪೀಠಿಕೆ ಪೀಠಿಕೆಯಲ್ಲ. ಆದಕಾರಣ: ಜರ್ಮನಿಯ ಗೋಪಿಂಗೆನ್ ಊರಿನಲ್ಲಿ 1859ರಲ್ಲಿ ಹುಟ್ಟಿದ ಮಾರ್ಕ್ಲಿನ್ ಕಂಪನಿಯು 1891ರ ಲೈಪ್‌ಜಿಗ್ ವ್ಯಾಪಾರಮೇಳದಲ್ಲಿ, ನಿಗದಿತ ಅಳತೆಯ ಹಳಿಗಳ ಸಮೇತ, ಆಟಿಕೆ ರೈಲೊಂದನ್ನು ಮಂಡಿಸಿತು. ಅದು ಕೀಲಿ ಕೊಟ್ಟರೆ ಓಡುವ ರೈಲು. ಅದರಲ್ಲಿ ವಿದ್ಯುತ್ ಭಾಗವೇ ಇಲ್ಲವಾದ್ದರಿಂದ ಪ್ರಸ್ತುತ ಅಧ್ಯಯನಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಪೀಠಿಕೆ ಮುಗಿಯಿತು.

ಇನ್ನು ತಾತ್ವಿಕ ಚೌಕಟ್ಟು. ಎಚ್‌ಒ ಅಳತೆಯ ರೈಲು ಅಸಲಿಯ 87ರಲ್ಲೊಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. ಒಂದು ಹಳಿ ಧನ, ಇನ್ನೊಂದು ಋಣ ಎಂಬ ಹಳೆಯ ಡಿಸಿ ಪದ್ಧತಿ ಸ್ಪಷ್ಟವಾಗಿ ದ್ವೈತ. ಇಂದಿನ ಡಿಜಿಟಲ್ ಪದ್ಧತಿಯಲ್ಲಿ ಎಂಜಿನನ್ನು ಓಡಿಸುವ ಕರೆಂಟೂ ‘ಓಡು’ ಎಂಬ ಆಜ್ಞೆಯೂ ಬೇರೆಬೇರೆಯಲ್ಲ, ಒಂದೇ, ಅದು ಅದ್ವೈತ. ಎರಡೂ ಹಳಿಗಳನ್ನು ಒಂದೇ ಎಂದು ಒಪ್ಪಿ, ನಡುವಿನ ಮೊಳೆಗಳ ಸಾಲಿಗೆ ವಿಶೇಷ ಸ್ಥಾನ ಕೊಡುವ ಮಾರ್ಕ್ಲಿನ್ ಪಂಥವನ್ನು ಏನೆಂದು ಕರೆಯಬೇಕೆಂಬುದನ್ನು ಮೇಲುಕೋಟೆಯವರಿಗೆ ಬಿಡಲಾಗಿದೆ.

ಈ ಎಲ್ಲ ದರ್ಶನಗಳನ್ನೂ ಬಾಧಿಸುವ ಮಲಗಳು ಮೂರು. ಚಕ್ರ ಮತ್ತು ಹಳಿಯ ನಡುವೆ ಹಾರುವ ಸೂಕ್ಷ್ಮ ಕಿಡಿಗಳಿಂದ ಹುಟ್ಟುವ ಕಪ್ಪು ಆಕ್ಸೈಡು ಆಣವಮಲ. ದುಡಿದದ್ದರ ಫಲವಾಗಿ ಮೋಟಾರಿನ ಕಾರ್ಬನ್ ಬ್ರಷ್ ಸವೆದು, ಕಮ್ಯುಟೇಟರಿನ ಸೀಳುಗಳಲ್ಲಿ ತುಂಬಿಕೊಳ್ಳುವ ಪುಡಿ ಕಾರ್ಮಿಕಮಲ. ಎಂಜಿನು ತಡವರಿಸಿದಾಗ ‘ಆಜ್ಞೆ ಓದುವ ಡಿಕೋಡರ್ ಚಿಪ್ ಕೆಟ್ಟಿದೆ’ ಎಂದು ಅನ್ನಿಸುವುದು ಮಾಯಾಮಲ. ಎಷ್ಟೋ ಸಲ ಕೊಳೆಯಾಗಿರುವುದು ಚಕ್ರ ಮಾತ್ರ. ಕಾರ್ಪೆಟ್ಟಿನ ನೂಲು, ಬೆಕ್ಕಿನ ಕೂದಲು, ಜಾಸ್ತಿ ಸುರಿದ ಎಣ್ಣೆ ಇವು ನಾಲ್ಕನೆಯ, ಐದನೆಯ… ವರ್ಗೀಕರಣ ಇಲ್ಲಿಗೆ ಸಾಕು. ಯಾವ ಮಲ ಎಂದು ಕೇಳಿಕೊಂಡು ಯಾವ ಎಂಜಿನೂ ನಿಂತಿಲ್ಲ.

ಕೆಲಸ ಇಷ್ಟೇ. ಮೊದಲು ಎಂಜಿನನ್ನು ಹಳಿಯಿಂದ ಎತ್ತಿ ಕರೆಂಟಿನ ಸಂಪರ್ಕ ತಪ್ಪಿಸಬೇಕು. ಚಿಪ್ ಮೇಲೆ ಧೂಳಿದ್ದರೆ ಒಣ, ಮೆತ್ತನೆ ಬ್ರಷ್. ಮುಟ್ಟುವ ಮುಂಚೆ ಮೈಯ ಸ್ಥಾಯಿ ವಿದ್ಯುತ್ತು ಇಳಿಯಲೆಂದು ಅರ್ಥಿಂಗ್ ಇರುವ ಲೋಹವನ್ನೊಮ್ಮೆ ಮುಟ್ಟಬೇಕು. ಜಿಡ್ಡಿದ್ದರೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್. ಔಷಧಿ ಅಂಗಡಿಯ ಶೇಕಡಾ 70ರದ್ದರಲ್ಲಿ ಉಳಿದದ್ದು ಬಹುಪಾಲು ನೀರು, ತಡವಾಗಿ ಆರುತ್ತದೆ. ಶೇಕಡಾ 99ರದ್ದರ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು; ಮೋಟಾರಿನೊಳಗೆ ಕಿಡಿಗಳಿಗೇನು ಬರವೇ? ಪೂರ್ತಿ ಆರದೆ ಓಡಿಸಬಾರದು. ಕಮ್ಯುಟೇಟರಿನ ಸೀಳಿಗೆ ಮರದ ಹಲ್ಲುಕಡ್ಡಿ. ಅಸಿಟೋನ್ ಬೇಡವೇ ಬೇಡ, ಪಾಲಿಸ್ಟೈರೀನ್ ಬೋಗಿ ಕರಗಿಹೋಗುತ್ತದೆ. ಉಕ್ಕಿನ ಉಣ್ಣೆಯಿಂದ ಹಳಿ ಉಜ್ಜಿದರೆ ಉದುರಿದ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಹೀರಿಕೊಂಡು ಶಾರ್ಟ್ ಮಾಡುತ್ತದೆ. ಮರಳುಕಾಗದದ ಗೀರುಗಳಲ್ಲಿ ಮುಂದಿನ ಕೊಳೆ ಇನ್ನೂ ಭದ್ರವಾಗಿ ಕೂರುತ್ತದೆ.

ಆಲ್ಕೊಹಾಲೇ ಸರಿಯಲ್ಲ, ಸೀಮೆಎಣ್ಣೆಯ ಜಾತಿಯ ದ್ರಾವಕವೇ ಮೇಲು ಎಂಬ ವಾದವೂ ಇದೆ. ಅದಕ್ಕೆ ಕೊಡುವ ಆಧಾರ ಡೈಎಲೆಕ್ಟ್ರಿಕ್ ಸ್ಥಿರಾಂಕ: ನೀರಿಗೆ ಸುಮಾರು 80, ಐಸೊಪ್ರೊಪೈಲಿಗೆ 18ರ ಆಸುಪಾಸು, ಸೀಮೆಎಣ್ಣೆಗೆ ಎರಡರ ಹತ್ತಿರ. ಈ ಸಂಖ್ಯೆ ಕಡಿಮೆಯಾದಷ್ಟೂ ಹಳಿ ಬೇಗ ಕಪ್ಪಾಗದು ಎನ್ನುತ್ತಾರೆ. ಚರ್ಚೆಗೆ ಯೋಗ್ಯವಾದ ಮಾತು. ಆದರೆ ಈ ಎರಡೂ ಪಕ್ಷಗಳ ಪಂಡಿತರು ಜಗಳವಾಡುವ ಧಾಟಿ ನೋಡಿದರೆ, ಪಾಪ, ಹನ್ನೆರಡು ವರ್ಷದ ಹುಡುಗಿಯೊಬ್ಬಳು ‘ನನ್ನ ರೈಲು ಯಾಕೆ ನಿಂತಿದೆ?’ ಎಂದು ಕೇಳುವ ಧೈರ್ಯ ಮಾಡಲಾರಳು.

ಅದಕ್ಕಿಂತ ಸಿಟ್ಟು ಬರಿಸುವುದು ಕೆಲವು ಹೊಸ ಎಂಜಿನುಗಳ ಜೊತೆ ಬರುವ ಕೈಪಿಡಿ. ಹಲವು ಭಾಷೆಗಳಲ್ಲಿ ಒಂದೇ ಉಪದೇಶ: ಬಿಚ್ಚಬೇಡಿ, ಅಧಿಕೃತ ಕೇಂದ್ರಕ್ಕೆ ಕಳಿಸಿ. ಯಾಕೆ ಬಿಚ್ಚಬಾರದು? ದುಡ್ಡು ಕೊಟ್ಟವನ ವಸ್ತುವಲ್ಲವೇ ಅದು? ಇಂಗ್ಲೆಂಡಿನ ಟ್ರೈ-ಆಂಗ್ ಕಂಪನಿ ಹಿಂದೆ ತನ್ನ ಎಂಜಿನುಗಳಿಗೆ ಹಾಕುತ್ತಿದ್ದ ಎಕ್ಸ್‌04 ಮೋಟಾರಿನ ಬ್ರಷ್‌ಗಳು ಹೊರಗೇ ಕಾಣುತ್ತವೆ. ಸ್ಪ್ರಿಂಗ್ ಸರಿಸಿದರೆ ಕೈಗೆ ಬರುತ್ತವೆ. ಪ್ರತಿ ಬಿಡಿಭಾಗಕ್ಕೂ ನಂಬರು ಹಾಕಿದ ರಿಪೇರಿ ಹಾಳೆಗಳನ್ನು ಕಂಪನಿಯೇ ಅಚ್ಚು ಹಾಕಿಸುತ್ತಿತ್ತು. ಎಚ್ಚರ ಬೇಕಾದದ್ದು ಒಂದೇ: ಆರ್ಮೇಚರನ್ನು ಹೊರತೆಗೆದರೆ ಆ ಕಾಲದ ಆಲ್ನಿಕೊ ಅಯಸ್ಕಾಂತ ಬಲ ಕಳೆದುಕೊಳ್ಳುತ್ತದೆ, ಅದರ ಜಾಗದಲ್ಲಿ ಕಬ್ಬಿಣದ ತುಂಡೊಂದನ್ನು ಇಡಬೇಕು. ಆ ಮೋಟಾರುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಈಗಿನವು ಹೆಚ್ಚಾಗಿ ತಗಡಿನ ಡಬ್ಬಿಯಲ್ಲಿ ಮುಚ್ಚಿ ಬರುತ್ತವೆ. ಓಟ ನುಣುಪು, ಸದ್ದು ಕಡಿಮೆ, ಒಪ್ಪೋಣ. ಆದರೆ ಬ್ರಷ್ ಸವೆದರೆ ಇಡೀ ಮೋಟಾರನ್ನೇ ಎಸೆಯಬೇಕು. ಅದೇ ಮಾದರಿಯ ಬದಲಿ ಮೋಟಾರು ಅಷ್ಟರಲ್ಲಿ ತಯಾರಿಕೆ ನಿಂತಿರದಿದ್ದರೆ ಪುಣ್ಯ.